ಕಾರಿನೊಳಗೆ ಮಂದ್ರಸ್ವರ

ರಾತ್ರಿ ಊಟ ಮುಗಿಸಿ ನೀವು ಓದಲು ಕುಳಿತಿದ್ದೀರಿ. ಬೀದಿಯಲ್ಲಿ ಒಂದು ಕಾರು ಹಾದುಹೋಗುತ್ತದೆ. ಅದರ ಕಿಟಕಿಗಳೆಲ್ಲ ಮುಚ್ಚಿವೆ. ಒಳಗೆ ಯಾರೋ ಹಾಡು ಹಾಕಿದ್ದಾರೆ. ಆದರೆ ನಿಮ್ಮ ಕಿವಿಗೆ ಹಾಡು ಬೀಳುವುದಿಲ್ಲ. ಹಾಡಿದವರು ಗಂಡಸೋ ಹೆಂಗಸೋ ಎಂಬುದೂ ತಿಳಿಯುವುದಿಲ್ಲ. ಕೇಳಿಸುವುದು ‘ಧಂ, ಧಂ’ ಎಂಬ ಪೆಟ್ಟು ಮಾತ್ರ. ನಿಮ್ಮ ಕಿಟಕಿಯ ಗಾಜು ಆ ಪೆಟ್ಟಿಗೆ ಸರಿಯಾಗಿ ಗಿಲಿಗಿಲಿಗುಟ್ಟುತ್ತದೆ. ಹಾಡಿನ ಉಳಿದ ಭಾಗವೆಲ್ಲ ಕಾರಿನೊಳಗೇ ಉಳಿದು ಈ ಪೆಟ್ಟೊಂದೇ ಹೊರಬಂದದ್ದು ಹೇಗೆ? ಅದನ್ನು ಹುಟ್ಟಿಸುವ ಯಂತ್ರ ಯಾವುದು? ಅದನ್ನು ಕಾರಿನೊಳಗೆ ಕೂರಿಸುವುದು ಸುಲಭವೆ, ಕ್ಷೇಮವೆ?

ಈ ಪ್ರಶ್ನೆಗಳನ್ನು ನಾನಾಗಿ ಹುಡುಕಿಕೊಂಡು ಹೋದವನಲ್ಲ. ಒಂದು ಭಾನುವಾರ ಬೆಳಿಗ್ಗೆ ನಮ್ಮ ಸೋದರಳಿಯ ಅವುಗಳನ್ನು ಕಾರಿನಲ್ಲಿ ಹೇರಿಕೊಂಡು ಮನೆಯ ಬಾಗಿಲಿಗೇ ತಂದನು. ಪಾಲಿಟೆಕ್ನಿಕ್ ಮುಗಿಸಿ ಕೆಲಸಕ್ಕೆ ಸೇರಿ, ಕೂಡಿಟ್ಟ ಹಣದಲ್ಲಿ ಒಂದು ಹಳೆಯ ಸಣ್ಣ ಕಾರನ್ನು ಕೊಂಡಿದ್ದನು. ಕಾರ್ಖಾನೆಯಿಂದಲೇ ಬಂದ ಸ್ಟೀರಿಯೊ ಅದರಲ್ಲಿತ್ತು. ಅದರ ಧ್ವನಿ ‘ತೆಳು’ ಎಂದು ಅವನಿಗೆ ತೋರಿತು. ಸರಿ, ಒಂದು ಸಬ್‌ವೂಫರನ್ನೂ ಅದನ್ನು ನಡೆಸುವ ಆಂಪ್ಲಿಫೈಯರನ್ನೂ ಕೊಂಡು, ಸ್ನೇಹಿತನೊಬ್ಬನ ನೆರವಿನಿಂದ ಒಂದೇ ಸಂಜೆಯಲ್ಲಿ ಜೋಡಿಸಿಬಿಟ್ಟಿದ್ದನು.

“ಮಾವ, ಇದಕ್ಕೆ ನಾಲ್ಕು ಕಾಯಿಲೆ ಹಿಡಿದಿದೆ. ನೀವೇ ನೋಡಬೇಕು” ಎಂದನು.

ಆ ನಾಲ್ಕು ಕಾಯಿಲೆಗಳು ಇವು: ದೊಡ್ಡ ಪೆಟ್ಟು ಬಂದಾಗಲೆಲ್ಲ ಆಂಪ್ಲಿಫೈಯರ್ ಕ್ಷಣಕಾಲ ನಿಂತು ಮತ್ತೆ ಹೊರಡುತ್ತಿತ್ತು. ವೇಗ ಹೆಚ್ಚಿಸಿದಂತೆಲ್ಲ ‘ಕುಂಯ್’ ಎಂಬ ಸಣ್ಣ ಸ್ವರವೊಂದು ಹಾಡಿನ ಹಿಂದೆ ಏರುತ್ತಿತ್ತು. ಸ್ಟೀರಿಯೊದ ಸದ್ದನ್ನು ಪೂರ್ತಿ ಏರಿಸಿದರೆ ಮಂದ್ರಸ್ವರ ಹೆಚ್ಚುವ ಬದಲು ಕುಗ್ಗುತ್ತಿತ್ತು. ಅರ್ಧ ಗಂಟೆ ಕೇಳಿದ ಮೇಲೆ ಡಿಕ್ಕಿಯಿಂದ ಸುಟ್ಟ ವಾಸನೆ ಬರುತ್ತಿತ್ತು. ಐದನೆಯ ಕಾಯಿಲೆಯೊಂದೂ ಇತ್ತು. ಅದು ಅವನಿಗೆ ತಿಳಿದಿರಲಿಲ್ಲ. ಎಲ್ಲಕ್ಕಿಂತ ಅಪಾಯಕರವಾದುದು ಅದೇ.

ಮಂದ್ರಸ್ವರಕ್ಕೆ ಗಾಳಿ ಹೆಚ್ಚು ಬೇಕು

ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು ೨೦ ಕಂಪನಗಳಿಂದ ೨೦,೦೦೦ ಕಂಪನಗಳವರೆಗಿನ ಶಬ್ದವನ್ನು ಗ್ರಹಿಸಬಲ್ಲದು. ಸೆಕೆಂಡಿಗೆ ಒಂದು ಕಂಪನವನ್ನು ಒಂದು ಹರ್ಟ್ಸ್ ಎನ್ನುತ್ತಾರೆ. ಪಿಯಾನೋ ವಾದ್ಯದ ಅತ್ಯಂತ ತಗ್ಗಿನ ಸ್ವರ ೨೭.೫ ಹರ್ಟ್ಸ್. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು ೩೪೦ ಮೀಟರ್ ವೇಗದಲ್ಲಿ ಸಾಗುವುದರಿಂದ, ೪೦ ಹರ್ಟ್ಸ್ ಸ್ವರದ ಒಂದು ಅಲೆಯ ಉದ್ದ ೮.೫ ಮೀಟರ್, ೪,೦೦೦ ಹರ್ಟ್ಸ್ ಸ್ವರದ ಅಲೆ ಕೇವಲ ೮.೫ ಸೆಂಟಿಮೀಟರ್. ಒಂದು ನಮ್ಮ ಪಡಸಾಲೆಗಿಂತ ಉದ್ದ, ಇನ್ನೊಂದು ಅಂಗೈಯಷ್ಟು.

ಬೀದಿಯ ಕಾರಿನ ಒಗಟು ಇಲ್ಲಿಯೇ ಬಿಡಿಸಿಕೊಳ್ಳುತ್ತದೆ. ಬಾಗಿಲಿನ ತಗಡೂ ಕಿಟಕಿಯ ಗಾಜೂ ಭಾರವಾದ ವಸ್ತುಗಳು. ಗಾಳಿಯ ಅಲೆ ಅವನ್ನು ಬೇಗಬೇಗನೆ ಹಿಂದುಮುಂದಕ್ಕೆ ನೂಕಿದರೆ, ಜಡತ್ವದ ಕಾರಣದಿಂದ ಅವು ಹೆಚ್ಚು ಕದಲುವುದಿಲ್ಲ. ನಿಧಾನವಾಗಿ ನೂಕಿದರೆ ಕದಲುತ್ತವೆ. ಹೀಗೆ ತಾರಸ್ವರಗಳು ಒಳಗೇ ಉಳಿದು, ಮಂದ್ರಸ್ವರಗಳು ತಗಡನ್ನೇ ನಡುಗಿಸಿ ಹೊರಬರುತ್ತವೆ. ನಿಮ್ಮ ಕಿಟಕಿಯ ಗಾಜು ನಡುಗುವುದೂ ಇದೇ ನಿಯಮದಿಂದಲೇ.

ಆದರೆ ಈ ಸ್ವರಗಳನ್ನು ಹುಟ್ಟಿಸುವುದು ಸುಲಭವಲ್ಲ. ಧ್ವನಿವರ್ಧಕದ ಶಂಕುವೊಂದು ೮೦ ಹರ್ಟ್ಸ್ ಸ್ವರವನ್ನು ನುಡಿಸುವಾಗ ೧ ಮಿಲಿಮೀಟರ್ ಹಿಂದುಮುಂದೆ ಚಲಿಸುತ್ತದೆ ಎನ್ನೋಣ. ೪೦ ಹರ್ಟ್ಸ್ ಸ್ವರದಲ್ಲಿಯೂ ಗಾಳಿಯಲ್ಲಿ ಅಷ್ಟೇ ಒತ್ತಡ ಹುಟ್ಟಬೇಕಾದರೆ ಅದು ೨ ಅಲ್ಲ, ೪ ಮಿಲಿಮೀಟರ್ ಚಲಿಸಬೇಕು. ೨೦ ಹರ್ಟ್ಸ್‌ನಲ್ಲಿ ೧೬ ಮಿಲಿಮೀಟರ್! ಆವೃತ್ತಿ ಅರ್ಧವಾದರೆ ಚಲನೆ ನಾಲ್ಕು ಪಟ್ಟಾಗಬೇಕೆಂಬುದು ಇಲ್ಲಿಯ ನಿಯಮ. ಸಣ್ಣ ಕಾರುಗಳ ಬಾಗಿಲಿನಲ್ಲಿರುವ ೬ ಅಂಗುಲದ ಶಂಕುವಿಗೆ ಇಷ್ಟು ಚಲಿಸುವ ಶಕ್ತಿಯಿಲ್ಲ. ೧೨ ಅಂಗುಲದ ಶಂಕುವಾದರೆ ಅದರ ವಿಸ್ತೀರ್ಣ ನಾಲ್ಕು ಪಟ್ಟು. ಅದೇ ಗಾಳಿಯನ್ನು ಕಾಲುಭಾಗ ಚಲನೆಯಿಂದಲೇ ನೂಕಬಲ್ಲದು. ಸಬ್‌ವೂಫರ್ ಎಂದರೆ ಇಷ್ಟೆ: ಸುಮಾರು ೮೦ ಹರ್ಟ್ಸ್‌ಗಿಂತ ಕೆಳಗಿನ ಸ್ವರಗಳಿಗಾಗಿಯೇ ನಿರ್ಮಿಸಿದ, ದೂರ ಚಲಿಸಬಲ್ಲ ದೊಡ್ಡ ಧ್ವನಿವರ್ಧಕ.

ಇಂದಿನ ಧ್ವನಿವರ್ಧಕದ ಮೂಲರೂಪವನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯಲ್ಲಿದ್ದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬವರು ೧೯೨೫ರಲ್ಲಿ ವಿವರಿಸಿದರು. ಅಯಸ್ಕಾಂತದ ಕಿರಿದಾದ ಸಂದಿಯಲ್ಲಿ ಒಂದು ತಂತಿಯ ಸುರುಳಿ. ಸುರುಳಿಗೆ ಅಂಟಿದ ಕಾಗದದ ಶಂಕು. ಸುರುಳಿಯಲ್ಲಿ ವಿದ್ಯುತ್ತು ಹಿಂದುಮುಂದೆ ಹರಿದಂತೆ ಶಂಕುವೂ ಹಿಂದುಮುಂದೆ ಚಲಿಸುತ್ತದೆ. ಈ ಶಂಕು ಮುಂದೆ ಬಂದಾಗ ಮುಂದಿನ ಗಾಳಿ ಒತ್ತಲ್ಪಡುತ್ತದೆ. ಹಿಂದಿನ ಗಾಳಿ ಸಡಿಲುತ್ತದೆ. ಇವೆರಡೂ ಅಂಚನ್ನು ಬಳಸಿ ಬಂದು ಸೇರಿದರೆ ಒಂದನ್ನೊಂದು ಅಳಿಸಿಹಾಕುತ್ತವೆ. ಆದುದರಿಂದಲೇ ಸಬ್‌ವೂಫರಿಗೆ ಪೆಟ್ಟಿಗೆ ಅಗತ್ಯ. ಪೂರ್ತಿ ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿಯನ್ನೇ ಶಂಕುವಿನ ಸ್ಪ್ರಿಂಗಿನಂತೆ ಬಳಸಬಹುದೆಂದು ಎಡ್ಗರ್ ವಿಲ್‌ಚರ್ ಎಂಬ ಅಮೆರಿಕನ್ನರು ೧೯೫೪ರಲ್ಲಿ ತೋರಿಸಿಕೊಟ್ಟರು. ನಮ್ಮ ಹುಡುಗನು ತಂದಿದ್ದುದು ಆ ಬಗೆಯ ಸುಮಾರು ೩೦ ಲೀಟರ್ ಗಾತ್ರದ ಪೆಟ್ಟಿಗೆ. ಆದರೆ ಅದನ್ನು ಡಿಕ್ಕಿಯಲ್ಲಿ ಸುಮ್ಮನೆ ಇಟ್ಟಿದ್ದನು. ಅಷ್ಟು ಭಾರದ ವಸ್ತು ಹಠಾತ್ತನೆ ಬ್ರೇಕ್ ಹಾಕಿದಾಗ ಹಿಂದಿನ ಆಸನವನ್ನು ಗುದ್ದದೆ ಬಿಡುವುದಿಲ್ಲ. ಮೊದಲು ಅದನ್ನು ಪಟ್ಟಿ ಬಿಗಿದು ಬೋಲ್ಟಿನಿಂದ ಕೂರಿಸಿದೆವು.

ಹನ್ನೆರಡು ವೋಲ್ಟಿನ ಬಡತನ

“ಸ್ಟೀರಿಯೊದಲ್ಲಿಯೇ ಆಂಪ್ಲಿಫೈಯರ್ ಇದೆಯಲ್ಲ ಮಾವ, ಇನ್ನೊಂದು ಯಾಕೆ?” ಎಂದು ಅವನು ಕೇಳಿದನು. ಉತ್ತರ ಓಮನ ನಿಯಮದಲ್ಲಿದೆ.

ಇಂಜಿನು ನಡೆಯುವಾಗ ಕಾರಿನ ವಿದ್ಯುತ್ ಮಂಡಲದಲ್ಲಿ ಸುಮಾರು ೧೪.೪ ವೋಲ್ಟ್ ಇರುತ್ತದೆ. ಸ್ಟೀರಿಯೊ ತನ್ನ ಧ್ವನಿವರ್ಧಕಕ್ಕೆ ಇದಕ್ಕಿಂತ ಎತ್ತರದ ಅಲೆಯನ್ನು ಕೊಡಲಾರದು. ಶಿಖರ ೧೪.೪ ವೋಲ್ಟ್ ಆದರೆ ಅದರ ಪರಿಣಾಮಕಾರಿ ಬೆಲೆ ಸುಮಾರು ೧೦.೨ ವೋಲ್ಟ್. ವೋಲ್ಟಿನ ವರ್ಗವನ್ನು ರೋಧದಿಂದ ಭಾಗಿಸಿದರೆ ಸಾಮರ್ಥ್ಯ ದೊರೆಯುತ್ತದೆ. ೪ ಓಮ್ ಧ್ವನಿವರ್ಧಕಕ್ಕೆ ಅದು ೨೬ ವ್ಯಾಟ್. ಇದು ಕಾಗದದ ಮೇಲಿನ ಲೆಕ್ಕ. ಬಳಕೆಯಲ್ಲಿ ಇನ್ನೂ ಕಡಮೆ. ಸ್ಟೀರಿಯೊದ ಮೇಲೆ ಎಷ್ಟೇ ದೊಡ್ಡ ಅಂಕಿಗಳನ್ನು ಮುದ್ರಿಸಿದ್ದರೂ ಈ ಲೆಕ್ಕವನ್ನು ಮೀರಲಾಗದು.

ಹೊರಗಿನ ಆಂಪ್ಲಿಫೈಯರ್ ಈ ಬಡತನವನ್ನು ನೀಗುವುದು ಹೀಗೆ: ಬ್ಯಾಟರಿಯ ನೇರ ಪ್ರವಾಹವನ್ನು ಟ್ರಾನ್ಸಿಸ್ಟರುಗಳು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸುತ್ತವೆ. ಹಾಗೆ ಕತ್ತರಿಸಿದ ಪ್ರವಾಹವನ್ನು ಟ್ರಾನ್ಸ್‌ಫಾರ್ಮರಿನ ಮೂಲಕ ಹಾಯಿಸಿ ಅದರ ವೋಲ್ಟನ್ನು ಏರಿಸಿ, ಮತ್ತೆ ನೇರ ಪ್ರವಾಹವನ್ನಾಗಿ ಮಾಡಲಾಗುತ್ತದೆ. ಇದು ಹೊಸ ಉಪಾಯವೇನೂ ಅಲ್ಲ. ಷಿಕಾಗೋ ನಗರದಲ್ಲಿ ಪಾಲ್ ಗಾಲ್ವಿನ್ ಅವರ ಕಂಪೆನಿ ೧೯೩೦ರಲ್ಲಿ ‘ಮೊಟೊರೋಲ’ ಎಂಬ ಹೆಸರಿನಿಂದ ಕಾರಿನ ರೇಡಿಯೋವನ್ನು ಮಾರಾಟಕ್ಕೆ ತಂದಿತು. ಆ ಕಾಲದ ರೇಡಿಯೋಗಳಲ್ಲಿದ್ದ ನಿರ್ವಾತ ಕೊಳವೆಗಳಿಗೆ ಹೆಚ್ಚಿನ ವೋಲ್ಟ್ ಬೇಕಾಗಿತ್ತು. ಆದುದರಿಂದ ಆ ದಶಕದಲ್ಲಿ ಕಂಪಿಸುವ ಲೋಹದ ನಾಲಗೆಯೊಂದರಿಂದ ಬ್ಯಾಟರಿಯ ಪ್ರವಾಹವನ್ನು ಕತ್ತರಿಸಿ ಏರಿಸುವ ಕ್ರಮ ಬಳಕೆಗೆ ಬಂದಿತು. ಅಂದು ಲೋಹದ ನಾಲಗೆ ಮಾಡಿದ ಕೆಲಸವನ್ನು ಇಂದು ಟ್ರಾನ್ಸಿಸ್ಟರ್ ಸದ್ದಿಲ್ಲದೆ ಮಾಡುತ್ತದೆ.

ತಂತಿಯ ದಪ್ಪ

ಆದರೆ ಶಕ್ತಿಯನ್ನು ಯಾರೂ ಸೃಷ್ಟಿಸಲಾರರು. ನಮ್ಮ ಆಂಪ್ಲಿಫೈಯರ್ ಕೊಡುವುದು ೨೦೦ ವ್ಯಾಟ್. ಅದರ ದಕ್ಷತೆ ನೂರಕ್ಕೆ ೮೦ ಎಂದಿಟ್ಟುಕೊಂಡರೆ ಅದು ಬ್ಯಾಟರಿಯಿಂದ ೨೫೦ ವ್ಯಾಟ್ ಸೆಳೆಯಬೇಕು. ೧೨.೫ ವೋಲ್ಟಿನಲ್ಲಿ ಇದು ೨೦ ಆಂಪಿಯರ್ ಪ್ರವಾಹ.

ಹುಡುಗನು ಬಾನೆಟ್ಟಿನಿಂದ ಡಿಕ್ಕಿಯವರೆಗೆ ಎಳೆದಿದ್ದ ತಂತಿಯ ಅಡ್ಡಕೊಯ್ತ ೧ ಚದರ ಮಿಲಿಮೀಟರ್. ಉದ್ದ ೫ ಮೀಟರ್. ಅಂಥ ತಾಮ್ರದ ತಂತಿಯ ರೋಧ ಮೀಟರಿಗೆ ಸುಮಾರು ೦.೦೧೭ ಓಮ್, ಒಟ್ಟು ೦.೦೮೫ ಓಮ್. ಅತ್ಯಲ್ಪವೆಂದು ತೋರುತ್ತದೆ, ಅಲ್ಲವೆ? ೨೦ ಆಂಪಿಯರಿನಿಂದ ಗುಣಿಸಿ ನೋಡಿ: ೧.೭ ವೋಲ್ಟ್ ದಾರಿಯಲ್ಲಿಯೇ ನಷ್ಟ; ತಂತಿಯಲ್ಲಿ ೩೪ ವ್ಯಾಟ್ ಶಾಖ. ದೊಡ್ಡ ಪೆಟ್ಟಿನ ಕ್ಷಣದಲ್ಲಿ ಪ್ರವಾಹ ಇನ್ನೂ ಹೆಚ್ಚುತ್ತದೆ. ಆಗ ಆಂಪ್ಲಿಫೈಯರಿಗೆ ತಲಪುವ ವೋಲ್ಟ್ ತೀರ ಕುಸಿದು, ಅದರ ರಕ್ಷಣಾ ಮಂಡಲ ಅದನ್ನು ನಿಲ್ಲಿಸುತ್ತದೆ. ಸದ್ದು ನಿಂತೊಡನೆ ವೋಲ್ಟ್ ಏರಿ ಮತ್ತೆ ಹೊರಡುತ್ತದೆ. ಮೊದಲನೆಯ ಕಾಯಿಲೆ ಇದೇ. ೧೦ ಚದರ ಮಿಲಿಮೀಟರಿನ ತಂತಿ ಹಾಕಿದರೆ ನಷ್ಟ ೦.೧೭ ವೋಲ್ಟಿಗೆ ಇಳಿಯುತ್ತದೆ. ಹಾಗೆಯೇ ಹಾಕಿದೆವು.

ಬ್ಯಾಟರಿಗೆ ಹಿಂದಿರುಗುವ ದಾರಿ ಕಾರಿನ ಲೋಹದ ಮೈಯೇ. ಇದನ್ನು ಮೆಕ್ಯಾನಿಕ್ಕರು ‘ಅರ್ತ್’ ಎನ್ನುತ್ತಾರೆ. ಹುಡುಗನು ಡಿಕ್ಕಿಯ ಬಣ್ಣ ಬಳಿದ ತಗಡಿನ ಮೇಲೆಯೇ ಒಂದು ಸ್ಕ್ರೂ ತಿರುಗಿಸಿ ಅರ್ತ್ ಮಾಡಿದ್ದನು. ಬಣ್ಣ ವಿದ್ಯುತ್ತನ್ನು ಹರಿಯಗೊಡದು. ಸ್ಕ್ರೂವಿನ ಎಳೆಗಳು ತಗಡಿಗೆ ತಾಕಿದಷ್ಟೇ ಸಂಪರ್ಕ. ಎರಡನೆಯ ಕಾಯಿಲೆಯಾದ ಆ ‘ಕುಂಯ್’ ಸ್ವರ ಹುಟ್ಟಿದುದು ಇಲ್ಲಿ. ಕಾರಿನ ಆಲ್ಟರ್ನೇಟರ್ ಮೊದಲು ಪರ್ಯಾಯ ಪ್ರವಾಹವನ್ನೇ ಹುಟ್ಟಿಸುತ್ತದೆ. ಡಯೋಡುಗಳು ಅದನ್ನು ನೇರಗೊಳಿಸುತ್ತವೆ. ಆದರೂ ಅದರ ಮೇಲೆ ಸಣ್ಣ ಅಲೆಗಳು ಉಳಿಯುತ್ತವೆ. ಇಂಜಿನಿನ ವೇಗ ಹೆಚ್ಚಿದಂತೆ ಈ ಅಲೆಗಳ ಆವೃತ್ತಿಯೂ ಹೆಚ್ಚುತ್ತದೆ. ಕೆಟ್ಟ ಅರ್ತಿನಿಂದಾಗಿ ಆಂಪ್ಲಿಫೈಯರಿನ ‘ಸೊನ್ನೆ’ ಮಟ್ಟವೂ ಸ್ಟೀರಿಯೊದ ‘ಸೊನ್ನೆ’ ಮಟ್ಟವೂ ಬೇರೆಬೇರೆಯಾದವು. ಆ ವ್ಯತ್ಯಾಸವೇ ಹಾಡಿನೊಡನೆ ಸೇರಿ ಕೇಳಿಸುತ್ತಿತ್ತು. ದಪ್ಪ ಲೋಹವಿರುವ ಕಡೆ ಬಣ್ಣವನ್ನು ಹೆರೆದು, ಹೊಳೆಯುವ ಲೋಹದ ಮೇಲೆ ಅರ್ಧ ಮೀಟರಿಗಿಂತ ಗಿಡ್ಡನೆಯ ದಪ್ಪ ತಂತಿಯನ್ನು ಬೋಲ್ಟಿನಿಂದ ಬಿಗಿದು, ಮೇಲೆ ತುಕ್ಕು ಹಿಡಿಯದಂತೆ ಗ್ರೀಸು ಸವರಿದೆವು. ಸ್ವರ ಅಡಗಿತು.

ಐದನೆಯ ಕಾಯಿಲೆ

ಹಳೆಯ ತಂತಿಯನ್ನು ಎಳೆದು ತೆಗೆಯುವಾಗ ನನ್ನ ಕೈ ಒಂದು ಕ್ಷಣ ತಡೆಯಿತು. ಇಂಜಿನಿಗೂ ಕುಳಿತುಕೊಳ್ಳುವ ಜಾಗಕ್ಕೂ ನಡುವೆ ತಗಡಿನ ಗೋಡೆಯೊಂದಿದೆ. ಅದರ ತೂತಿನ ಮೂಲಕ ತಂತಿಯನ್ನು ಹಾಗೆಯೇ ತೂರಿಸಿದ್ದರು; ತಗಡಿನ ಅಂಚು ತಾಕದಂತೆ ರಬ್ಬರಿನ ಉಂಗುರ ಹಾಕಿರಲಿಲ್ಲ. ಕಾರು ಅದುರಿದಂತೆಲ್ಲ ಆ ಅಂಚು ತಂತಿಯ ಹೊದಿಕೆಯನ್ನು ಅರೆಯುತ್ತಿತ್ತು. ಹೊದಿಕೆಯ ಮುಕ್ಕಾಲು ಭಾಗ ಸವೆದಿತ್ತು. ಬ್ಯಾಟರಿಯಿಂದ ಡಿಕ್ಕಿಯವರೆಗೆ ಎಲ್ಲಿಯೂ ಒಂದು ಫ್ಯೂಸ್ ಇರಲಿಲ್ಲ.

“ಆಂಪ್ಲಿಫೈಯರಿನಲ್ಲಿಯೇ ಫ್ಯೂಸ್ ಇದೆಯಲ್ಲ?” ಎಂದನು ಹುಡುಗ.

ಇದು ಅನೇಕರು ಮಾಡುವ ತಪ್ಪು. ಆಂಪ್ಲಿಫೈಯರಿನ ಫ್ಯೂಸ್ ಆಂಪ್ಲಿಫೈಯರನ್ನು ಕಾಯುತ್ತದೆ. ದಾರಿಯ ತಂತಿಯನ್ನು ಕಾಯುವವರಾರು? ತಂತಿಯು ಆ ತೂತಿನ ಅಂಚಿನಲ್ಲಿ ತಗಡಿಗೆ ತಾಕಿತೆನ್ನಿ. ಪ್ರವಾಹವು ಆಂಪ್ಲಿಫೈಯರನ್ನು ಮುಟ್ಟದೆ ಅಲ್ಲಿಂದಲೇ ಬ್ಯಾಟರಿಗೆ ಹಿಂದಿರುಗುತ್ತದೆ. ಇಂಜಿನನ್ನು ಚಾಲೂ ಮಾಡಲೆಂದೇ ಇರುವ ಬ್ಯಾಟರಿ ನೂರಾರು ಆಂಪಿಯರುಗಳನ್ನು ಕೊಡಬಲ್ಲದು. ೩೦೦ ಆಂಪಿಯರ್ ಎಂದೇ ಹಿಡಿಯೋಣ. ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದರೆ, ಆ ಸಣ್ಣ ತಂತಿಯ ಒಂದೊಂದು ಮೀಟರಿನಲ್ಲಿಯೂ ೧,೫೩೦ ವ್ಯಾಟ್ ಶಾಖ ಹುಟ್ಟುತ್ತದೆ. ಅಡುಗೆಯ ವಿದ್ಯುತ್ ಒಲೆಯೊಂದು ಕೊಡುವ ಶಾಖವನ್ನು ಪ್ಲಾಸ್ಟಿಕ್ ಹೊದಿಕೆಯ ತಂತಿಯೊಂದು ಹೊತ್ತು ನಿಂತಂತಾಯಿತು. ಹೊದಿಕೆ ಕರಗಿ ಹೊತ್ತಿಕೊಳ್ಳಲು ಹೆಚ್ಚು ಹೊತ್ತು ಬೇಕಿಲ್ಲ. ಪಕ್ಕದಲ್ಲಿಯೇ ಪೆಟ್ರೋಲಿನ ಕೊಳವೆಗಳೂ ಇರಬಹುದು. ಆಸನದಲ್ಲಿ ಮನೆಯ ಮಂದಿಯೂ ಕುಳಿತಿರಬಹುದು. ಹಿಂದಿನ ವಾರವಷ್ಟೇ ಅವನು ನಮ್ಮಕ್ಕನನ್ನು ಇದೇ ಕಾರಿನಲ್ಲಿ ಊರಿಗೆ ಕರೆದುಕೊಂಡು ಹೋಗಿದ್ದನು. ಈ ಲೆಕ್ಕವನ್ನು ಚೀಟಿಯ ಮೇಲೆ ಬರೆದು ತೋರಿಸಿದಾಗ ಅವನು ಏನೂ ಮಾತನಾಡಲಿಲ್ಲ. ಸವೆದ ತಂತಿಯ ಆ ತುಂಡನ್ನು ಕತ್ತರಿಸಿ ಜೇಬಿಗೆ ಹಾಕಿಕೊಂಡನು.

ಆದುದರಿಂದ ನಿಯಮಗಳು ಇವು. ಕೆಲಸಕ್ಕೆ ಮೊದಲು ಬ್ಯಾಟರಿಯ ಋಣ ಧ್ರುವದ ತಂತಿಯನ್ನು ಬಿಚ್ಚಬೇಕು; ಮುಗಿದ ಮೇಲೆ ಅದನ್ನೇ ಕೊನೆಯಲ್ಲಿ ಸೇರಿಸಬೇಕು. ಋಣ ತಂತಿ ಬಿಚ್ಚಿದ್ದರೆ ಕೈಯ ಸ್ಪ್ಯಾನರ್ ಅಕಸ್ಮಾತ್ ಕಾರಿನ ಮೈಗೆ ತಗಲಿದರೂ ಕಿಡಿ ಹಾರದು. ಮುಖ್ಯ ಫ್ಯೂಸನ್ನು ಬ್ಯಾಟರಿಯ ಧನ ಧ್ರುವಕ್ಕೆ ಸಾಧ್ಯವಾದಷ್ಟು ಹತ್ತಿರ, ಅರ್ಧ ಮೀಟರಿನೊಳಗೆ, ಹಾಕಬೇಕು. ಅದರ ಅಳತೆ ತಂತಿ ತಾಳಬಲ್ಲ ಪ್ರವಾಹವನ್ನು ಮೀರಬಾರದು. ನಾವು ಹಾಕಿದುದು ೩೦ ಆಂಪಿಯರ್. ಲೋಹದ ತೂತು ಹಾಯುವಲ್ಲೆಲ್ಲ ರಬ್ಬರಿನ ಉಂಗುರ ಇರಬೇಕು. ಇಂದಿನ ಕಾರುಗಳಲ್ಲಿ ಅಪಘಾತದ ಸಮಯದಲ್ಲಿ ಉಬ್ಬುವ ಗಾಳಿಚೀಲಗಳಿರುತ್ತವೆ. ಅವುಗಳ ತಂತಿಗೆ ಸಾಮಾನ್ಯವಾಗಿ ಹಳದಿ ಹೊದಿಕೆ ಇರುತ್ತದೆ. ಅದರ ತಂಟೆಗೆ ಹೋಗಲೇಬಾರದು.

ಸ್ಟೀರಿಯೊದಿಂದ ಸಂಕೇತ

ಕಾರ್ಖಾನೆಯ ಸ್ಟೀರಿಯೊಗಳಲ್ಲಿ ಅನೇಕಕ್ಕೆ ಹೊರಗಿನ ಆಂಪ್ಲಿಫೈಯರಿಗೆಂದು ಪ್ರತ್ಯೇಕವಾದ ಹೊರದಾರಿ ಇರುವುದಿಲ್ಲ. ಆಗ ಹಿಂದಿನ ಧ್ವನಿವರ್ಧಕಗಳಿಗೆ ಹೋಗುವ ತಂತಿಗಳಿಂದಲೇ ಸಂಕೇತವನ್ನು ಪಡೆಯಬೇಕು. ನಮ್ಮ ಆಂಪ್ಲಿಫೈಯರಿನಲ್ಲಿ ಅದಕ್ಕೆ ತಕ್ಕ ದ್ವಾರವಿತ್ತು. ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಧ್ವನಿವರ್ಧಕದ ಎರಡು ತಂತಿಗಳಲ್ಲಿ ಒಂದು ಅರ್ತ್ ಎಂದು ಭಾವಿಸಬಾರದು. ಹೆಚ್ಚಿನ ಸ್ಟೀರಿಯೊಗಳಲ್ಲಿ ಎರಡೂ ತಂತಿಗಳು ಬ್ಯಾಟರಿಯ ಅರ್ಧದಷ್ಟು, ಎಂದರೆ ಆರೇಳು ವೋಲ್ಟಿನ, ಮಟ್ಟದಲ್ಲಿದ್ದು, ಒಂದು ಏರಿದಾಗ ಇನ್ನೊಂದು ಇಳಿಯುತ್ತದೆ. ಯಾವುದೊಂದನ್ನು ಕಾರಿನ ಮೈಗೆ ಸೇರಿಸಿದರೂ ಸ್ಟೀರಿಯೊ ಕೆಡಬಹುದು. ಈ ಆರೇಳು ವೋಲ್ಟಿನಿಂದ ಒಂದು ಪ್ರಯೋಜನವೂ ಉಂಟು: ಅದನ್ನು ಕಂಡೊಡನೆ ತಾನಾಗಿ ಎಚ್ಚರಗೊಳ್ಳುವಂತೆ ಕೆಲವು ಆಂಪ್ಲಿಫೈಯರುಗಳನ್ನು ರಚಿಸಿದ್ದಾರೆ. ಸ್ಟೀರಿಯೊ ನಿಲ್ಲಿಸಿದರೆ ಅವೂ ನಿದ್ರಿಸುತ್ತವೆ. ಬ್ಯಾಟರಿ ವೃಥಾ ಖರ್ಚಾಗುವುದಿಲ್ಲ.

ಮೂರನೆಯ ಕಾಯಿಲೆಗೆ ಹುಡುಗನು ಕಾರಣನಲ್ಲ. ಬಾಗಿಲಿನ ಸಣ್ಣ ಧ್ವನಿವರ್ಧಕಗಳು ಹರಿಯದಿರಲೆಂದು, ಸದ್ದು ಏರಿದಂತೆ ಮಂದ್ರಸ್ವರವನ್ನು ತಾನೇ ಕಡಮೆ ಮಾಡುವ ಏರ್ಪಾಡು ಕೆಲವು ಕಾರ್ಖಾನೆಯ ಸ್ಟೀರಿಯೊಗಳಲ್ಲಿರುತ್ತದೆ. ಅಂಥಲ್ಲಿ ಸ್ಟೀರಿಯೊವನ್ನು ಪೂರ್ತಿ ಏರಿಸದೆ, ಮಂದ್ರಸ್ವರ ಕುಗ್ಗತೊಡಗುವ ಮಟ್ಟಕ್ಕಿಂತ ಕೆಳಗೇ ನಿಲ್ಲಿಸಿ, ಉಳಿದುದನ್ನು ಆಂಪ್ಲಿಫೈಯರಿನಲ್ಲಿ ಹೊಂದಿಸಿಕೊಳ್ಳುವುದು ಜಾಣತನ.

ಶ್ರುತಿ ಕೂಡಿಸುವುದು

ಇನ್ನು ಉಳಿದುದು ಹೊಂದಿಸುವ ಕೆಲಸ. ತಂಬೂರಿಯ ಶ್ರುತಿ ಕೂಡಿಸುವಾಗಿನಷ್ಟೇ ತಾಳ್ಮೆ ಇದಕ್ಕೂ ಬೇಕು. ಆಂಪ್ಲಿಫೈಯರಿನ ಮೇಲೆ ‘ಗೇನ್’ ಎಂಬ ತಿರುಪು ಇದೆ. ಹುಡುಗನು ಅದನ್ನು ಕೊನೆಯವರೆಗೂ ತಿರುಗಿಸಿ ಇಟ್ಟಿದ್ದನು. ಅದು ಸದ್ದು ಹೆಚ್ಚಿಸುವ ಗುಂಡಿಯೆಂದು ತಿಳಿದದ್ದೇ ನಾಲ್ಕನೆಯ ಕಾಯಿಲೆಗೆ ಕಾರಣ. ವಾಸ್ತವವಾಗಿ ಅದು ಸ್ಟೀರಿಯೊ ಕೊಡುವ ಸಂಕೇತಕ್ಕೂ ಆಂಪ್ಲಿಫೈಯರಿನ ಪೂರ್ಣ ಸಾಮರ್ಥ್ಯಕ್ಕೂ ಸರಿಹೊಂದಿಸುವ ತಿರುಪು. ಮಿತಿ ಮೀರಿ ತಿರುಗಿಸಿದರೆ ಅಲೆಯ ಶಿಖರಗಳು ಆಂಪ್ಲಿಫೈಯರಿನ ಚಾವಣಿಗೆ ತಗಲಿ ಚಪ್ಪಟೆಯಾಗುತ್ತವೆ. ದುಂಡಗಿನ ಅಲೆ ಪೂರ್ತಿ ಚೌಕಾಕಾರವಾದರೆ, ಶಿಖರದ ಎತ್ತರ ಅಷ್ಟೇ ಇದ್ದರೂ, ಸಾಮರ್ಥ್ಯ ಎರಡು ಪಟ್ಟಾಗುತ್ತದೆ. ಆ ಹೆಚ್ಚಿನ ಸಾಮರ್ಥ್ಯ ಸಂಗೀತವಾಗದೆ ಬಹುಮಟ್ಟಿಗೆ ಸುರುಳಿಯ ಶಾಖವಾಗುತ್ತದೆ. ಸುರುಳಿಯ ಅಂಟು ಬೆಂದ ವಾಸನೆಯೇ ಡಿಕ್ಕಿಯಿಂದ ಬರುತ್ತಿದ್ದ ವಾಸನೆ.

ಸರಿಯಾದ ಸ್ಥಾನವನ್ನು ಒಂದು ಸಾಮಾನ್ಯ ಮಲ್ಟಿಮೀಟರಿನಿಂದಲೇ ಕಂಡುಹಿಡಿಯಬಹುದು. ೨೦೦ ವ್ಯಾಟನ್ನು ೪ ಓಮಿನಿಂದ ಗುಣಿಸಿ ವರ್ಗಮೂಲ ತೆಗೆದರೆ ೨೮.೩ ವೋಲ್ಟ್. ಸಬ್‌ವೂಫರಿನ ತಂತಿಯನ್ನು ಬಿಚ್ಚಿಟ್ಟು, ಸ್ಟೀರಿಯೊದ ಸ್ವರದ ಗುಂಡಿಗಳನ್ನೆಲ್ಲ ನಡುವಿನಲ್ಲಿ ನಿಲ್ಲಿಸಿ, ೫೦ ಹರ್ಟ್ಸ್‌ನ ಶುದ್ಧ ಸ್ವರವನ್ನು ಸುಮಾರು ಮುಕ್ಕಾಲು ಮಟ್ಟದಲ್ಲಿ ನುಡಿಸಿ, ಆಂಪ್ಲಿಫೈಯರಿನ ಹೊರದಾರಿಯಲ್ಲಿ ಪರ್ಯಾಯ ವೋಲ್ಟನ್ನು ಅಳೆಯುತ್ತ ಗೇನ್ ತಿರುಪನ್ನು ಸೊನ್ನೆಯಿಂದ ಮೆಲ್ಲನೆ ಏರಿಸಬೇಕು. ೨೮.೩ ಬಂದೊಡನೆ ನಿಲ್ಲಿಸಬೇಕು. ೫೦ ಹರ್ಟ್ಸ್ ಏಕೆ? ನಮ್ಮ ಮನೆಯ ವಿದ್ಯುತ್ತಿನ ಆವೃತ್ತಿ ಅದೇ ಆದುದರಿಂದ ಸಾಧಾರಣ ಮೀಟರುಗಳು ಅಲ್ಲಿ ಸರಿಯಾಗಿ ಅಳೆಯುತ್ತವೆ. ಆದರೆ ಅಲೆ ಚಪ್ಪಟೆಯಾಗಿದೆಯೇ ಎಂಬುದನ್ನು ಮೀಟರು ಹೇಳಲಾರದು. ಅದನ್ನು ನೋಡಲು ಆಸಿಲೊಸ್ಕೋಪ್ ಬೇಕು. ಕಾಲೇಜಿನ ಪ್ರಯೋಗಶಾಲೆಯಲ್ಲಿ ಅದು ನಿಮಗೆ ದೊರೆಯುವುದಾದರೆ ಅಲೆಯನ್ನು ಕಣ್ಣಾರೆ ನೋಡಿ. ನಾವು ಅಳೆದಾಗ ತಿರುಪು ನಿಂತುದು ಅರ್ಧಕ್ಕಿಂತ ಕೆಳಗೆ.

ಎರಡನೆಯದು ಶೋಧಕ. ನಿಗದಿಯಾದ ಆವೃತ್ತಿಗಿಂತ ಕೆಳಗಿನ ಸ್ವರಗಳನ್ನು ಮಾತ್ರ ಇದು ಹಾಯಗೊಡುತ್ತದೆ. ನಮ್ಮದನ್ನು ೮೦ ಹರ್ಟ್ಸ್‌ಗೆ ಇಟ್ಟೆವು. ಅಷ್ಟಮಕ್ಕೆ ೧೨ ಡೆಸಿಬೆಲ್ ಇಳಿಸುವ ಶೋಧಕದಲ್ಲಿ, ಒಂದು ಸ್ಥಾಯಿ ಮೇಲಿನ ೧೬೦ ಹರ್ಟ್ಸ್ ಸ್ವರದ ಎತ್ತರ ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ಶೋಧಕವನ್ನು ೧೫೦ಕ್ಕೆ ಇಟ್ಟರೆ ಗಂಡಸರ ಕಂಠವೂ ಡಿಕ್ಕಿಯಿಂದ ಬಂದಂತೆ ಕೇಳುತ್ತದೆ. ೮೦ಕ್ಕಿಂತ ಕೆಳಗಿನ ಸ್ವರಗಳು ಯಾವ ದಿಕ್ಕಿನಿಂದ ಬಂದುವೆಂದು ನಮ್ಮ ಕಿವಿ ಸುಲಭವಾಗಿ ಗುರುತಿಸದು. ಮೃದಂಗದ ಎಡಮುಖದ ಪೆಟ್ಟನ್ನು ಡಿಕ್ಕಿಯ ಪೆಟ್ಟಿಗೆ ನುಡಿಸಿದರೂ, ಅದರ ಮೇಲಿನ ಉಪಸ್ವರಗಳು ಮುಂದಿನ ಬಾಗಿಲಿನಿಂದ ಬರುವುದರಿಂದ ವಾದ್ಯವೇ ಮುಂದಿದ್ದಂತೆ ತೋರುತ್ತದೆ. ನಮ್ಮ ಮೃದಂಗ, ತಬಲಗಳ ಉಪಸ್ವರಗಳು ಬೇರೆ ಚರ್ಮವಾದ್ಯಗಳಂತೆ ಅಡ್ಡಾದಿಡ್ಡಿಯಾಗಿರದೆ ಕ್ರಮಬದ್ಧವಾಗಿವೆಯೆಂದು ಸಿ. ವಿ. ರಾಮನ್ ಅವರು ೧೯೨೦ರಲ್ಲಿಯೇ ತೋರಿಸಿದ್ದರು. ಹೊಂದಿಕೆಯನ್ನು ಪರೀಕ್ಷಿಸಲು ಮೃದಂಗ ಒಳ್ಳೆಯ ಸಾಧನ: ಪೆಟ್ಟಿನ ಸ್ವರಸ್ಥಾನ ಸ್ಪಷ್ಟವಾಗಿ ತಿಳಿಯಬೇಕು, ಬರಿಯ ‘ಧಂ’ ಎಂದರೆ ಹೊಂದಿಕೆ ತಪ್ಪಿದೆ.

ಮೂರನೆಯದು ‘ಫೇಸ್’ ಕೀಲಿ. ಕೇಳುವವನಿಂದ ಬಾಗಿಲಿನ ಧ್ವನಿವರ್ಧಕ ೧ ಮೀಟರ್, ಡಿಕ್ಕಿಯದು ೨ ಮೀಟರ್ ದೂರವಿದ್ದರೆ ವ್ಯತ್ಯಾಸ ೧ ಮೀಟರ್. ೮೦ ಹರ್ಟ್ಸ್ ಅಲೆಯ ಉದ್ದ ೪.೨೫ ಮೀಟರ್, ಎಂದರೆ ಒಂದು ಅಲೆ ಇನ್ನೊಂದಕ್ಕಿಂತ ಸುಮಾರು ಕಾಲು ಅಲೆಯಷ್ಟು ಹಿಂದೆ ಬೀಳುತ್ತದೆ. ತಂತಿ ತಿರುಗುಮುರುಗಾಗಿದ್ದರೆ ಈ ಹೊಂದಿಕೆಯೂ ಬದಲಾಗುತ್ತದೆ. ಚಾಲಕನ ಆಸನದಲ್ಲಿ ಕುಳಿತು, ೮೦ ಹರ್ಟ್ಸ್ ಸ್ವರವನ್ನು ನುಡಿಸಿ, ಕೀಲಿಯನ್ನು ಎರಡೂ ಕಡೆಗೆ ಹಾಕಿ ನೋಡಿ, ಯಾವುದರಲ್ಲಿ ಸ್ವರ ತುಂಬಿ ಬರುವುದೋ ಅದನ್ನು ಉಳಿಸಬೇಕು.

ಕಾರು, ಕಿವಿ ಮತ್ತು ನೆರೆಹೊರೆ

ಇಷ್ಟಾದ ಮೇಲೆ ಹುಡುಗನು, “ಇನ್ನೂ ಸ್ವಲ್ಪ ಜೋರು ಬೇಡವೆ?” ಎಂದನು. ಅದರ ಅವಶ್ಯಕತೆ ಇಲ್ಲದಿರಲು ಕಾರಣವಿದೆ. ಅಲೆಯ ಅರ್ಧದಷ್ಟು ಉದ್ದ ಕಾರಿನ ಒಳಗಿನ ಉದ್ದವನ್ನು ಮೀರಿದರೆ, ಅಲ್ಲಿ ಅಲೆ ಓಡಾಡುವ ಬದಲು ಒಳಗಿನ ಗಾಳಿಯೆಲ್ಲ ಒಟ್ಟಿಗೆ ಹಿಗ್ಗಿ ಕುಗ್ಗುತ್ತದೆ. ೨.೮ ಮೀಟರ್ ಉದ್ದದ ಕಾರಿನಲ್ಲಿ ಇದು ಸುಮಾರು ೬೦ ಹರ್ಟ್ಸ್‌ನಿಂದ ಕೆಳಗೆ ಮೊದಲಾಗುತ್ತದೆ. ಆದುದರಿಂದ ಮನೆಯ ಕೋಣೆಯಲ್ಲಿ ಸಾಲದ ಸಬ್‌ವೂಫರ್ ಕಾರಿನಲ್ಲಿ ಸಾಕಾಗುತ್ತದೆ. ಚಲಿಸುವ ಕಾರಿನಲ್ಲಿ ಮಂದ್ರಸ್ವರ ಕಡಮೆಯೆಂದು ತೋರುವುದಕ್ಕೆ ಬೇರೆ ಕಾರಣ: ಚಕ್ರ ಮತ್ತು ರಸ್ತೆಯ ಸದ್ದೂ ಬಹುಮಟ್ಟಿಗೆ ತಗ್ಗಿನ ಸ್ವರಗಳೇ; ಅವು ಹಾಡಿನ ತಗ್ಗಿನ ಸ್ವರಗಳನ್ನು ಮುಚ್ಚುತ್ತವೆ. ಕಿವಿಯೂ ಮೆಲುದನಿಯಲ್ಲಿ ಮಂದ್ರಸ್ವರವನ್ನು ಕಡಮೆಯಾಗಿಯೇ ಕೇಳುತ್ತದೆಂದು ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು ೧೯೩೩ರಲ್ಲಿ ಅಳೆದು ತೋರಿಸಿದರು.

ಸದ್ದು ಎರಡು ಪಟ್ಟಾದಂತೆ ತೋರಬೇಕಾದರೆ ಸಾಮರ್ಥ್ಯ ಸುಮಾರು ಹತ್ತು ಪಟ್ಟಾಗಬೇಕು. ಹಣವೂ ಬ್ಯಾಟರಿಯೂ ಆ ಓಟದಲ್ಲಿ ಸೋಲುತ್ತವೆ; ಅದಕ್ಕೂ ಮೊದಲು ಕಿವಿ ಸೋಲುತ್ತದೆ. ೮೫ ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ೮ ಗಂಟೆ ಇರಬಹುದೆಂದು ಲೆಕ್ಕ. ಪ್ರತಿ ೩ ಡೆಸಿಬೆಲ್ ಏರಿದಂತೆ ಆ ಅವಧಿ ಅರ್ಧವಾಗುತ್ತದೆ. ಹಾಗಾದರೆ ೧೦೦ ಡೆಸಿಬೆಲ್‌ನಲ್ಲಿ ಎಷ್ಟು ಹೊತ್ತು? ಐದು ಸಲ ಅರ್ಧ ಮಾಡಿ ನೋಡಿ: ಕೇವಲ ೧೫ ನಿಮಿಷ. ಒಳಗಿವಿಯ ಸೂಕ್ಷ್ಮವಾದ ರೋಮಕೋಶಗಳು ಒಮ್ಮೆ ನಾಶವಾದರೆ ಮತ್ತೆ ಹುಟ್ಟುವುದಿಲ್ಲ. ಸುಟ್ಟ ಸುರುಳಿಯನ್ನು ಅಂಗಡಿಯಲ್ಲಿ ಬದಲಾಯಿಸಬಹುದು, ಇದನ್ನು ಬದಲಾಯಿಸಲಾಗದು. ಹಿಂದಿನಿಂದ ಬರುವ ಆಂಬ್ಯುಲೆನ್ಸಿನ ಕೂಗು ಚಾಲಕನಿಗೆ ಕೇಳಿಸಲೇಬೇಕು ಎಂಬುದನ್ನೂ ನೆನಪಿಡಬೇಕು. ನೆರೆಹೊರೆಯವರ ಮಾತನ್ನಂತೂ ಕಾನೂನೇ ಹೇಳಿದೆ: ನಮ್ಮ ದೇಶದಲ್ಲಿ ೨೦೦೦ದಲ್ಲಿ ಜಾರಿಗೆ ಬಂದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ, ವಾಸದ ಪ್ರದೇಶಗಳ ಮಿತಿ ಹಗಲಿನಲ್ಲಿ ೫೫ ಡೆಸಿಬೆಲ್, ರಾತ್ರಿ ೧೦ರಿಂದ ಬೆಳಿಗ್ಗೆ ೬ರವರೆಗೆ ೪೫ ಡೆಸಿಬೆಲ್.

ಸಂಜೆಯಾಗಿತ್ತು. ಹುಡುಗನು ಕಾರನ್ನು ಊರಿನ ಹೊರಗೆ ನಡೆಸಿದನು. ನನ್ನ ಇಷ್ಟಕ್ಕೆಂದು ಒಂದು ಕಛೇರಿಯನ್ನು ಹಾಕಿದನು. ತನಿ ಆವರ್ತನ ಬಂದಾಗ ಮೃದಂಗ ಮುಂದಿನ ಗಾಜಿನ ಆಚೆಯೇ ಇದ್ದಂತೆ ಕೇಳಿತು. ಎಡಗೈಯ ಗುಂಕಿಯೂ ಬಲಗೈಯ ಛಾಪೂ ಬೇರೆಬೇರೆಯಾಗಿ ನಿಂತುವು. ನಮ್ಮ ಬೀದಿಯ ತಿರುವು ಬಂದೊಡನೆ, ಯಾರೂ ಹೇಳದೆಯೇ, ಅವನು ಗುಂಡಿಯನ್ನು ಅರ್ಧಕ್ಕೆ ಇಳಿಸಿದನು.

ಕಾರು ನಿಲ್ಲಿಸಿದ ಮೇಲೆ ಬಾನೆಟ್ಟನ್ನೆತ್ತಿ, ಹೊಸ ಫ್ಯೂಸಿನ ಮುಚ್ಚಳ ಬಿಸಿಯಾಗಿದೆಯೋ ಎಂದು ಬೆರಳಿನಿಂದ ಮುಟ್ಟಿ ನೋಡಿದನು. ತಣ್ಣಗಿತ್ತು. ಒಳಗೆ ಹೋಗಿ ಜೇಬಿನಿಂದ ಆ ಸವೆದ ತಂತಿಯ ತುಂಡನ್ನು ತೆಗೆದು ಮೇಜಿನ ಮೇಲಿಟ್ಟನು.

“ಇದು ನಿಮ್ಮಲ್ಲಿರಲಿ ಮಾವ. ನನ್ನ ಸ್ನೇಹಿತನನ್ನೂ ಮುಂದಿನ ಭಾನುವಾರ ಕರೆತರುತ್ತೇನೆ. 그ವನ ಕಾರಿಗೂ ನಾವೇ ಕೈಹಾಕಿದ್ದೆವು” ಎಂದನು.